ಶಶಿ ಅಂಗಡಿಯ ಶಟರ್ ಮತ್ತು ನನ್ನ ಸೊಪ್ಪಿನ ರಸ

ಬೇರೆ ಬೇರೆ ಬಡಾವಣೆಯ ಮಹಿಳಾ ಸಂಘಗಳ ಅಕ್ಕ ತಂಗಿಯರೇ, ಈ ಕಥೆಯಲ್ಲಿ ತಪ್ಪು ಮಾಡಿದವಳು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವು ನಡುವೆ ಎದ್ದು "ಯಾರಮ್ಮ ಆ ಮಹಾತಾಯಿ?" ಎಂದು ಕೇಳುವ ತೊಂದರೆ ಇರುವುದಿಲ್ಲ.

ನನ್ನ ಹೆಸರು ಈಶ್ವರಮ್ಮ. ಕೋಣನಕುಂಟೆಯಲ್ಲಿ ಸೊಪ್ಪು ಮಾರುತ್ತೇನೆ. ಚಿಕ್ಕಬೈರಪ್ಪನವರ ಮೂರು ಮಹಡಿ ಕಟ್ಟಡದ ಕೆಳಗೆ, ಮೆಟ್ಟಿಲ ಪಕ್ಕ ನನ್ನ ಜಾಗ. ಅವರ ಹೆಂಡತಿ ಅಂಜನಮ್ಮ ಮತ್ತು ನಾನು ಈ ಊರಿಗೆ ಸೊಸೆಯರಾಗಿ ಬಂದದ್ದು ಒಂದೇ ವರ್ಷ. ಆಗ ಇಲ್ಲೆಲ್ಲ ರಾಗಿ ಹೊಲ. ಈಗ ಅವರ ಹೊಲದ ಮೇಲೆ ಆರು ಬಾಡಿಗೆ ಮನೆ, ಎರಡು ಅಂಗಡಿ. ಅವಳು ಓನರ್ ಆದಳು, ನಾನು ಸೊಪ್ಪಿನವಳಾದೆ. ಆದರೂ ನಮ್ಮಿಬ್ಬರಲ್ಲಿ "ಏನೇ, ಬಾರೇ" ಎನ್ನುವ ಸಲುಗೆ ಹೋಗಿಲ್ಲ.

ಆ ಎರಡು ಅಂಗಡಿಗಳಲ್ಲಿ ಒಂದು ಅವಳ ಮಗ ಶಶಿಧರನದು. ಮಿಕ್ಸಿ, ಫ್ಯಾನ್, ಇಸ್ತ್ರಿ ಪೆಟ್ಟಿಗೆ, ಏನು ಕೆಟ್ಟರೂ ರಿಪೇರಿ ಮಾಡುತ್ತಿದ್ದ. ನನ್ನ ಮಿಕ್ಸಿಯನ್ನು ಮೂರು ಸಲ ಬದುಕಿಸಿದ್ದ. "ಆಂಟಿ, ಇದು ನಿಮ್ಗಿಂತ ಜಾಸ್ತಿ ಗೊಣಗುತ್ತೆ" ಎಂದು ರೇಗಿಸುತ್ತಿದ್ದ. ನಾಲ್ಕನೇ ಸಲ ಅದು ಕೆಟ್ಟಾಗ ಕೊಟ್ಟು ಬಂದೆ. ಅದೇ ವಾರ ಅಂಗಡಿಯ ಶಟರ್ ಕೆಳಗಿಳಿಯಿತು. ಮಿಕ್ಸಿ ಒಳಗೆ, ನಾನು ಹೊರಗೆ.

"ಶಶಿ ಎಲ್ಲೇ?" ಎಂದು ಅಂಜನಮ್ಮನನ್ನು ಕೇಳಿದೆ.

"ಮಾಗಡಿಗೆ ಹೋಗವ್ನೆ, ಅವರತ್ತೆ ಮನೆಗೆ. ಜಾಂಡೀಸು ಕಣೆ."

ಒಂದು ತಿಂಗಳಾದ ಮೇಲೆ ಹುಡುಗ ಆಟೋದಲ್ಲಿ ಬಂದಿಳಿದ. ಹುಡುಗ ಎಂದೆ, ಮೂವತ್ತು ದಾಟಿದೆ. ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದ, ಯಾರ ಮುಖವನ್ನೂ ನೋಡಲಿಲ್ಲ. ನಾನು ಹತ್ತಿರ ಹೋಗಿ ಅವನ ಕಣ್ಣು ನೋಡಿದೆ. ಹಾಲಿನಂತೆ ಬೆಳ್ಳಗಿವೆ!

"ಅಲ್ಲ ಕಣೆ ಅಂಜನಿ, ಕಣ್ಣು ಹಳದಿ ಇಲ್ವಲ್ಲ?"

"ಇದು ಒಳ ಜಾಂಡೀಸು. ಹೊರಗೆ ಕಾಣಾಕಿಲ್ಲ."

ನಲವತ್ತು ವರ್ಷದಿಂದ ಗಿಡಮೂಲಿಕೆ ಬಲ್ಲವಳು ಎಂದು ಬೀಗುವ ನಾನು ಅದನ್ನೂ ನಂಬಿದೆ ನೋಡಿ.

ನಿಜ ಸಂಗತಿ ನನಗೆ ಗೊತ್ತಾದದ್ದು ಆಮೇಲೆ. ಶಶಿಗೆ ನಿದ್ದೆ ಹೋಗಿತ್ತು. ಯಾರೋ ತನ್ನ ಮಾತನ್ನೆಲ್ಲ ಕದ್ದು ಕೇಳುತ್ತಿದ್ದಾರೆ ಎಂದು ಹೆದರುತ್ತಿದ್ದ. ಅವನು ಒಂದು ತಿಂಗಳು ಇದ್ದದ್ದು ಮಾಗಡಿಯಲ್ಲಲ್ಲ, ಮಾನಸಿಕ ಆಸ್ಪತ್ರೆಯಲ್ಲಿ. ಅಲ್ಲಿ ಗುಣವಾಗಿ, ಮಾತ್ರೆ ಬರೆಸಿಕೊಂಡು, ಮುಂದಿನ ಸಲ ಯಾವತ್ತು ಬರಬೇಕು ಎಂಬ ಚೀಟಿ ಹಿಡಿದು ಮನೆಗೆ ಬಂದಿದ್ದ. ಗೊತ್ತಾದರೆ ಬಾಡಿಗೆಯವರು ಮನೆ ಖಾಲಿ ಮಾಡುತ್ತಾರೆ, ಮಗನ ಅಂಗಡಿಗೆ ಯಾರೂ ಕಾಲಿಡುವುದಿಲ್ಲ ಎಂಬ ಭಯ ಅಂಜನಮ್ಮನಿಗೆ. ಅದಕ್ಕೇ ಈ ಜಾಂಡೀಸು.

ಜಾಂಡೀಸು ಎಂದ ಮೇಲೆ ಬೀದಿ ಸುಮ್ಮನಿರುತ್ತದೆಯೇ? ಮೂರನೇ ಮಹಡಿಯ ವೆಂಕಟಾಚಲ ದಿನಾ ಕಬ್ಬಿನ ಹಾಲು ತಂದುಕೊಟ್ಟರು. ಇನ್ನೊಬ್ಬರು ಎಣ್ಣೆ ಬೇಡ ಎಂದರು. ಮತ್ತೊಬ್ಬರು ಉಪ್ಪು, ಖಾರ, ಹುಳಿ ಯಾವುದೂ ಬೇಡ ಎಂದರು. ಬಾಡಿಗೆಯವರು ಹೋಗ್ತಾ ಬರ್ತಾ ಅಡುಗೆಮನೆ ಕಡೆ ಮೂಗು ಇಟ್ಟಿರುತ್ತಿದ್ದರಿಂದ ಅಂಜನಮ್ಮ ಒಂದು ಒಗ್ಗರಣೆ ಹಾಕುವಂತಿರಲಿಲ್ಲ. ಅವರೆಕಾಳು ಸಾರು ಎಂದರೆ ಪ್ರಾಣ ಬಿಡುವ ಶಶಿ ಗಂಜಿ, ಮಜ್ಜಿಗೆಯಲ್ಲಿ ದಿನ ತಳ್ಳಿದ. ಇಲ್ಲದ ಕಾಯಿಲೆಗೆ ಪಥ್ಯ ಜೋರಾಗಿ ನಡೆಯಿತು. ಇರುವ ಕಾಯಿಲೆಯನ್ನು ಕೇಳುವವರೇ ಇರಲಿಲ್ಲ.

ಆಮೇಲೆ ನಾನು ಬಂದೆ, ನನ್ನ ನೆಲನೆಲ್ಲಿ ಹಿಡಿದುಕೊಂಡು.

ಮಿಕ್ಸಿ ಶಟರ್ ಒಳಗಿತ್ತಲ್ಲ, ಒರಳಲ್ಲೇ ರುಬ್ಬಿ ರಸ ತೆಗೆದೆ. "ಇಪ್ಪತ್ತೊಂದು ದಿನ, ಖಾಲಿ ಹೊಟ್ಟೆಗೆ ಕೊಡು. ಒಂದು ಮಾತು. ಇದು ಕುಡಿಯೋವಾಗ ಇಂಗ್ಲಿಷ್ ಮಾತ್ರೆ ಮುಟ್ಟಂಗಿಲ್ಲ. ಲಿವರ್‌ಗೆ ಬಡಿಯುತ್ತೆ."

ಅಂಜನಮ್ಮ ಲೋಟ ಹಿಡಿದು ನಿಂತಳು. "ಯಾವ ಮಾತ್ರೆನೂನಾ?"

"ಯಾವುದೂ."

ಹಾಗೆ ಯಾರು ಹೇಳಿದ್ದರು ನನಗೆ? ಯಾರೂ ಇಲ್ಲ. ಎಲ್ಲೋ ಕಿವಿಗೆ ಬಿದ್ದದ್ದು. ಆದರೆ ದೊಡ್ಡ ಡಾಕ್ಟರಂತೆ ಹೇಳಿದೆ. ಅವಳಾದರೂ ಏನು ಮಾಡಿಯಾಳು? "ಇವು ಮನಸ್ಸಿನ ಕಾಯಿಲೆ ಮಾತ್ರೆ" ಎಂದು ಬಾಯಿ ಬಿಡುವಂತಿರಲಿಲ್ಲ. ಮೇಲಾಗಿ ಮಾತ್ರೆ ತಗೊಂಡ ಶಶಿಗೆ ಕೈ ನಡುಗುತ್ತಿತ್ತು. ಅದನ್ನು ನೋಡಿ ಸಹಿಸುವುದು ಅವಳಿಗೆ ಆಗುತ್ತಿರಲಿಲ್ಲ. ಶಶಿಗೂ ಮಾತ್ರೆ ಬಿಡುವುದೇ ಬೇಕಾಗಿತ್ತು. ತಾಯಿ ಮಗ ಇಬ್ಬರೂ ಸೇರಿ ಮಾತ್ರೆ ಡಬ್ಬಿಯನ್ನು ಅಟ್ಟಕ್ಕೆ ಹಾಕಿದರು.

ಮೊದಲ ವಾರ ಕೇಳಬೇಡಿ ನನ್ನ ಜಂಬ! ಶಶಿಯ ಕೈ ನಡುಗುವುದು ನಿಂತಿತು. ಮುಖ ಗೆಲುವಾಯಿತು. "ನೋಡ್ದಾ ನನ್ನ ಸೊಪ್ಪು!" ಎಂದು ಬೀದಿಗೆಲ್ಲ ಸಾರಿದೆ. ಎರಡನೇ ವಾರ ನಿದ್ದೆ ಕಡಿಮೆಯಾಯಿತು. ಊಟದ ತಟ್ಟೆ ಹಾಗೇ ವಾಪಸ್ ಬರತೊಡಗಿತು. ಜಾಂಡೀಸಿನಲ್ಲಿ ಬಾಯಿ ಕಹಿ ಇರುತ್ತದೆ ಎಂದೆ. ನನ್ನ ಹತ್ತಿರ ಎಲ್ಲದಕ್ಕೂ ಉತ್ತರ ಇತ್ತು.

ಚಿಕ್ಕಬೈರಪ್ಪನವರ ಹತ್ತಿರವೂ ಒಂದು ಉತ್ತರ ಇತ್ತು. "ಇವನ ಕೈಲಿ ಇನ್ನೇನೂ ಆಗಾಕಿಲ್ಲ. ಅಂಗಡಿ ಬಾಡಿಗೆಗೆ ಕೊಟ್ಬಿಡ್ತೀನಿ. ಭಾನುವಾರ ಹನ್ನೊಂದಕ್ಕೆ ಮೊಬೈಲ್ ಕವರ್ ಮಾರೋನು ಟೋಕನ್ ಅಡ್ವಾನ್ಸ್ ಕೊಡಾಕೆ ಬರ್ತಾನೆ. ಇವನ ಸಾಮಾನೆಲ್ಲ ಗುಜರಿಗೆ ಹಾಕಾನ." ಶಶಿ ಗೋಡೆ ನೋಡುತ್ತಾ ಕೂತಿದ್ದನಂತೆ. ಅವನ ಸ್ಕ್ರೂಡ್ರೈವರ್, ಅವನ ಸಾಲ್ಡರಿಂಗ್ ಕಡ್ಡಿ, ಹತ್ತು ವರ್ಷದ ಅವನ ಹೆಸರು, ಎಲ್ಲ ಗುಜರಿಗೆ.

ಈಗ ಆ ಭಾನುವಾರಕ್ಕೆ ಬರೋಣ.

ಬೆಳಗ್ಗೆ ಎಂಟೂವರೆ. ನಾನು ದಂಟಿನ ಸೊಪ್ಪು ಕಟ್ಟು ಮಾಡುತ್ತಿದ್ದೆ. ಶಶಿ ಇಳಿದು ಬಂದ. ಕೈಯಲ್ಲಿ ಹಳೇ ಪೇಪರು, ಟೇಪು. ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿಗೆ ಪೇಪರ್ ಅಂಟಿಸತೊಡಗಿದ. ಎಲ್ಲ ಮೀಟರಿಗೂ, ಒಂದು ಸಂದಿ ಬಿಡದೆ.

"ಆಂಟಿ, ಇಲ್ಲಿ ಕೂತು ಮಾತಾಡ್ಬೇಡಿ. ಇದು ಎಲ್ಲಾ ಬರ್ಕೊಳ್ತಾ ಇದೆ."

ನಾನು ನಕ್ಕೆ! ಕರೆಂಟ್ ಬಿಲ್ಲಿನ ತಮಾಷೆ ಎಂದುಕೊಂಡು ಬಾಯಿಗೆ ಸೆರಗು ಮುಚ್ಚಿ ನಕ್ಕೆ. ಆ ನಗು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಹಿಂದೆಯೇ ಎರಡನೇ ಮಹಡಿಯ ಲತಾಮಣಿ ಇಳಿದು ಬಂದಳು. ಇವಳು ಜೆ.ಪಿ. ನಗರದ ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಹಾಕುವ ಹುಡುಗಿ. ಬಾಡಿಗೆಗೆ ಬಂದು ಎರಡು ವರ್ಷ. ಅವಳು, ಅವಳ ಅಣ್ಣ ರವಿಕುಮಾರ್, ಇಬ್ಬರೇ. ಅಣ್ಣ ಬಹಳ ಶಿಸ್ತಿನವನು. ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ಇಸ್ತ್ರಿ ಶರ್ಟು, ಟಿಫನ್ ಬ್ಯಾಗು, ಮೆಟ್ರೋ ಸ್ಟೇಷನ್ ಕಡೆ ನಡಿಗೆ. "ಆ ರವಿಕುಮಾರನ್ನ ನೋಡಿ ಕಲಿ. ಹೆಂಗೆ ಟೈಮಿಗೆ ಕೆಲಸಕ್ಕೆ ಹೋಗ್ತಾನೆ" ಎಂದು ಅಂಜನಮ್ಮ ಮಗನಿಗೆ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು.

ಲತಾಮಣಿ ನಗಲಿಲ್ಲ. ಪೇಪರ್ ನೋಡಿದಳು, ಶಶಿಯ ಮುಖ ನೋಡಿದಳು. "ಶಶಿಯವರೇ, ನಿದ್ದೆ ಬಂತಾ?"

"ಮೂರು ದಿನ ಆಯ್ತು" ಎಂದು ಅವನು ಮೇಲೆ ಹೋದ.

"ಇವರಿಗೇನು ಆಂಟಿ ಕಾಯಿಲೆ?" ಎಂದು ಅವಳು ನನ್ನನ್ನು ಕೇಳಿದಳು.

"ಒಳ ಜಾಂಡೀಸು."

ಅವಳು ನನ್ನ ಕೈಯಿಂದ ಸೊಪ್ಪಿನ ಕಟ್ಟು ತೆಗೆದು ಕೆಳಗಿಟ್ಟಳು. "ಬನ್ನಿ ಆಂಟಿ, ಮೇಲೆ ಹೋಗೋಣ. ನೀವೂ ಬೇಕು."

ಮೇಲೆ ಅಂಜನಮ್ಮ ಬಾಗಿಲಲ್ಲೇ ಸಿಕ್ಕಳು. ಲತಾಮಣಿ ಸುತ್ತಿ ಬಳಸಿ ಮಾತಾಡಲಿಲ್ಲ.

"ಆಂಟಿ, ಶಶಿಯವರ ಮಾತ್ರೆ ಯಾವಾಗ ನಿಲ್ಲಿಸಿದ್ರಿ?"

"ಯಾವ ಮಾತ್ರೆ? ಜಾಂಡೀಸಿಗೆ ಮಾತ್ರೆ ಎಲ್ಲೈತಮ್ಮ?"

ಲತಾಮಣಿ ನೆಲದ ಮೇಲೆ ಕೂತುಬಿಟ್ಟಳು. "ಆಂಟಿ, ನಮ್ಮಣ್ಣ ಕಂಪನಿ ಕೆಲಸಕ್ಕೆ ಹೋಗ್ತಾನೆ ಅಂತ ನಿಮಗೆ ಹೇಳಿದ್ದೆ. ಅದು ಸುಳ್ಳು. ಅವನು ಹೋಗೋದು ಜಯನಗರದ ಒಂದು ಹಗಲು ಕೇಂದ್ರಕ್ಕೆ. ಮನಸ್ಸಿನ ಕಾಯಿಲೆಗೆ ಆಸ್ಪತ್ರೆ ಸೇರಿ ವಾಪಸ್ ಬಂದವರು ಬೆಳಗ್ಗೆ ಹೋಗಿ ಸಂಜೆ ಬರೋ ಜಾಗ ಅದು. ಅಲ್ಲಿ ಬನ್ನು, ರಸ್ಕು ಮಾಡ್ತಾನೆ. ಅದಕ್ಕೆ ಸಂಬಳನೂ ಕೊಡ್ತಾರೆ. ಹದಿಮೂರು ವರ್ಷದ ಹಿಂದೆ ನಮ್ಮಣ್ಣ ಫ್ಯಾನ್ ಜೊತೆ ಮಾತಾಡ್ತಿದ್ದ. ಶಶಿಯವರು ಮೀಟರ್‌ಗೆ ಪೇಪರ್ ಅಂಟಿಸೋದು ನೋಡಿದ್ ತಕ್ಷಣ ನಂಗೆ ಗೊತ್ತಾಯ್ತು."

ಅಂಜನಮ್ಮ ಬಾಗಿಲು ಮುಂದೆ ಮಾಡಿದಳು. ಲತಾಮಣಿ ಮುಂದುವರಿಸಿದಳು:

"ತಿಲಕ್ ನಗರದಲ್ಲಿ ನಾವಿದ್ದ ಮನೆಯವರಿಗೆ ಇದು ಗೊತ್ತಾದ ವಾರವೇ ಖಾಲಿ ಮಾಡಿ ಅಂದ್ರು. ಅದಕ್ಕೇ ಇಲ್ಲಿ ಮುಚ್ಚಿಟ್ಟೆ. ಈಗ ನೀವೂ ಖಾಲಿ ಮಾಡಿ ಅಂದ್ರೆ ಮಾಡ್ತೀನಿ. ಆದ್ರೆ ಶಶಿಯವರನ್ನ ಇವತ್ತೇ ಆಸ್ಪತ್ರೆಗೆ ತೋರಿಸಿ."

ಅಂಜನಮ್ಮ ಗೋಡೆ ಹಿಡಿದು ಅವಳ ಪಕ್ಕ ಕೂತಳು. "ನೀನು ಖಾಲಿ ಮಾಡ್ತೀಯ ಅಂತ ನಾನು ಮುಚ್ಚಿಟ್ಟೆ ಕಣಮ್ಮ" ಎಂದು ಬಿಕ್ಕಿ ಅತ್ತಳು. ಒಂದೇ ಕಟ್ಟಡದಲ್ಲಿ ಓನರ್ ಬಾಡಿಗೆಯವರಿಂದ, ಬಾಡಿಗೆಯವರು ಓನರಿಂದ ಒಂದೇ ಗುಟ್ಟು ಬಚ್ಚಿಟ್ಟುಕೊಂಡಿದ್ದರು, ಲತಾಮಣಿ ಎರಡು ವರ್ಷ, ಅಂಜನಮ್ಮ ಎರಡು ತಿಂಗಳು. ಮಧ್ಯದಲ್ಲಿ ನಾನು ಸೊಪ್ಪು ರುಬ್ಬುತ್ತಿದ್ದೆ.

"ಮಾತ್ರೆ ನಿಲ್ಸು ಅಂದಿದ್ದು ನಾನೇ" ಎಂದೆ.

ಲತಾಮಣಿ ನನ್ನ ಮೇಲೆ ರೇಗಲಿಲ್ಲ. ಫೋನ್ ತೆಗೆದಳು. "ಆಮೇಲೆ ಅಳೋಣ. ಒಂದು ನಾಲ್ಕು ಒಂದು ಒಂದು ಆರು. ಟೆಲಿ ಮಾನಸ್ ಅಂತ. ಸರ್ಕಾರದ್ದು, ದುಡ್ಡಿಲ್ಲ, ಯಾವ ಹೊತ್ತಲ್ಲಾದ್ರೂ ಮಾಡ್ಬಹುದು, ಕನ್ನಡದಲ್ಲೇ ಮಾತಾಡ್ತಾರೆ." ಸ್ಪೀಕರ್ ಹಾಕಿದಳು. ಆ ಕಡೆಯ ಹೆಣ್ಣುಮಗಳು ಎಲ್ಲ ಕೇಳಿಕೊಂಡಳು. ಹೆಸರು ಹೇಳಲೇಬೇಕು ಎನ್ನಲಿಲ್ಲ, ಬೈಯಲಿಲ್ಲ. ಆಮೇಲೆ ಹೇಳಿದಳು: "ಬಿಟ್ಟ ಮಾತ್ರೆನ ನೀವೇ ಒಟ್ಟಿಗೆ ಕೊಡಬೇಡಿ. ಮೀಟರ್ ವಿಚಾರಕ್ಕೆ ಅವರ ಜೊತೆ ವಾದ ಮಾಡಬೇಡಿ. ಒಬ್ಬರನ್ನೇ ಬಿಡಬೇಡಿ. ಮೂರು ದಿನ ನಿದ್ದೆ ಇಲ್ಲ ಅಂತೀರಿ, ನಾಳೆವರೆಗೆ ಕಾಯಬೇಡಿ. ತುರ್ತು ವಿಭಾಗ ಭಾನುವಾರನೂ ಇರುತ್ತೆ, ಈಗಲೇ ಕರ್ಕೊಂಡು ಹೋಗಿ. ಆಸ್ಪತ್ರೆಯವರು ಕೊಟ್ಟ ಚೀಟಿ, ಮಾತ್ರೆ ಡಬ್ಬಿ ಎರಡೂ ಜೊತೇಲಿರಲಿ."

ಆದರೆ ಶಶಿ ಬರಬೇಕಲ್ಲ? ಬಾಗಿಲು ಹಾಕಿಕೊಂಡಿದ್ದ. ಅಷ್ಟು ಹೊತ್ತೂ ಒಳಗೆ ಕೂತು ಕೇಳಿಸಿಕೊಂಡಿದ್ದ ಚಿಕ್ಕಬೈರಪ್ಪ ಬಾಗಿಲು ಬಡಿಯಲು ಎದ್ದರು. ಲತಾಮಣಿ ತಡೆದು ಅಣ್ಣನನ್ನು ಕರೆದಳು.

ರವಿಕುಮಾರ್ ಭಾನುವಾರವೂ ಇಸ್ತ್ರಿ ಶರ್ಟಿನಲ್ಲೇ ಬಂದ. ಬಾಗಿಲ ಮುಂದೆ ಚಕ್ಕಂಬಕ್ಕಲ ಹಾಕಿ ಕೂತ.

"ಶಶಿ, ಮೀಟರ್ ಬರ್ಕೊಳ್ತಿದೆಯಾ?"

ಒಳಗಿನಿಂದ ಶಶಿ "ಹೂಂ" ಎಂದ.

"ನಂಗೆ ಫ್ಯಾನ್ ಹೇಳ್ತಿತ್ತು. ಒಂದು ವರ್ಷ. ನಿಜಾನೇ ಅನ್ಸುತ್ತೆ."

"ಈಗ?"

"ಈಗ ಗಾಳಿ ಬಿಡುತ್ತೆ, ಅಷ್ಟೇ."

ಬಾಗಿಲು ಒಂದು ಗೇಣು ತೆರೆಯಿತು. ರವಿಕುಮಾರ್ ಕೇಳಿದ, "ಮಾತ್ರೆ ಯಾಕೆ ಬಿಟ್ರಿ?"

"ಕೈ ನಡುಗುತ್ತೆ ಅಣ್ಣ. ಸಾಲ್ಡರಿಂಗ್ ಹಿಡಿಯಕ್ಕಾಗಲ್ಲ. ಕೈ ನಡುಗೋ ಮೆಕ್ಯಾನಿಕ್ ಹತ್ರ ಯಾರು ಬರ್ತಾರೆ?"

"ಡಾಕ್ಟರ್‌ಗೆ ಹೇಳಿದ್ರಾ?"

"ಇಲ್ಲ."

"ನಂಗೂ ನಡುಗ್ತಿತ್ತು. ಹೇಳ್ದೆ. ಬೇರೆ ಮಾತ್ರೆ ಕೊಟ್ರು. ನೋಡಿ." ರವಿಕುಮಾರ್ ಎರಡೂ ಕೈ ಚಾಚಿ ಬಾಗಿಲ ಸಂದಿಯಲ್ಲಿ ಹಿಡಿದ. ನಾವೆಲ್ಲ ಆ ಕೈಗಳನ್ನೇ ನೋಡುತ್ತಾ ನಿಂತೆವು. ಒಂದಿಷ್ಟೂ ಅಲ್ಲಾಡಲಿಲ್ಲ. "ಬನ್ನಿ, ನಾನೂ ಬರ್ತೀನಿ. ನಡುಗೋದನ್ನ ನೀವೇ ಡಾಕ್ಟರ್‌ಗೆ ಹೇಳಿ."

ಶಶಿ ಚಪ್ಪಲಿ ಹಾಕಿಕೊಂಡ.

ಹತ್ತೂವರೆಗೆ ಆಟೋ ಬಂತು. ಚಿಕ್ಕಬೈರಪ್ಪ ಮೆಟ್ಟಿಲ ಮೇಲೆ ನಿಂತು ಗಡಿಯಾರ ನೋಡಿದರು. ಹನ್ನೊಂದಕ್ಕೆ ಟೋಕನ್ ಕೊಡುವವನು ಬರುತ್ತಾನೆ. ಒಂದು ಕಡೆ ಅಂಗಡಿ, ಒಂದು ಕಡೆ ಮಗ. ಅವರು ಪಂಚೆ ಮೇಲೆತ್ತಿ ಕಟ್ಟಿ ಆಟೋ ಹತ್ತಿದರು.

ಹನ್ನೊಂದಕ್ಕೆ ಮೊಬೈಲ್ ಕವರಿನವನು ಬಂದ. ಅಲ್ಲಿದ್ದದ್ದು ನಾನೊಬ್ಬಳೇ. "ಅಂಗಡಿ ತೋರ್ಸ್ತೀರಾ ಆಂಟಿ? ಖಾಲಿ ಇದೆ ಅಂದ್ರು."

"ಖಾಲಿ ಇಲ್ಲಪ್ಪ" ಎಂದೆ. "ಒಳಗೆ ನನ್ನ ಮಿಕ್ಸಿ ಐತೆ. ಅದು ರಿಪೇರಿ ಆಗೋವರೆಗೂ ಈ ಅಂಗಡಿ ಯಾರಿಗೂ ಇಲ್ಲ. ಹೋಗ್ಬಾ."

ನನ್ನ ಜೀವನದಲ್ಲಿ ನಾನು ಆಡಿದ ಒಳ್ಳೆಯ ಮಾತುಗಳಲ್ಲಿ ಅದೂ ಒಂದು ಎಂದುಕೊಂಡಿದ್ದೇನೆ.

ಆಸ್ಪತ್ರೆಯಲ್ಲಿ ಶಶಿಯನ್ನು ಮತ್ತೆ ಸೇರಿಸಿಕೊಳ್ಳುವ ಪ್ರಮೇಯ ಬರಲಿಲ್ಲ. ಕೈ ಮೀರುವ ಮೊದಲೇ ಬಂದಿರಿ ಎಂದರಂತೆ. ಮಾತ್ರೆ ಬದಲಾಯಿಸಿದರು, ನಡುಕಕ್ಕೂ ದಾರಿ ಮಾಡಿದರು, ಮೂರು ದಿನ ಬಿಟ್ಟು ಬರಹೇಳಿದರು. ಎರಡು ಮೂರು ವಾರದಲ್ಲಿ ಶಶಿಗೆ ನಿದ್ದೆ ತಿರುಗಿ ಬಂತು. ಮೀಟರಿನ ಪೇಪರನ್ನು ಅವನೇ ಕಿತ್ತು ಹಾಕಿದ.

ಅಷ್ಟರಲ್ಲಿ ಆಸ್ಪತ್ರೆಯ ಸೋಷಿಯಲ್ ವರ್ಕರ್ ಶಾಂತಲಾ ಮೇಡಂ ಮನೆಗೇ ಬಂದರು. ಆಸ್ಪತ್ರೆಯವರು ಮನೆಗೂ ಬಂದು ವಿಚಾರಿಸುತ್ತಾರೆ ಎಂದು ನಮಗೆ ಯಾರಿಗೆ ಗೊತ್ತಿತ್ತು? ಅವರ ನಂಬರ್ ಆ ಚೀಟಿಯ ಹಿಂದೆಯೇ ಇತ್ತು. ಯಾರೂ ತಿರುಗಿಸಿ ನೋಡಿರಲಿಲ್ಲ.

ಜಾಂಡೀಸಿನ ಕಥೆ ಕೇಳಿ ಮೇಡಂ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. "ಮೊದಲು ಇವತ್ತು ಅವರಿಗೆ ಅವರೆಕಾಳು ಸಾರು ಮಾಡಿ ಹಾಕಿ" ಎಂದರು. ಶಶಿ ನಕ್ಕ. ಎಷ್ಟು ತಿಂಗಳಾಗಿತ್ತು ಆ ನಗು ನೋಡಿ!

ನನಗೆ ಕೇಳಬೇಕಾದದ್ದು ಬೇಕಾದಷ್ಟಿತ್ತು. "ಮೇಡಂ, ಮನೆಗೆ ಬಂದ್ಮೇಲೆ ವಾಸಿ ಆಯ್ತು ಅಂತ ತಾನೆ? ಮತ್ತೆ ಯಾಕೆ ಮಾತ್ರೆ?"

"ಆಸ್ಪತ್ರೆಲಿ ಅರ್ಧ ಕೆಲಸ ಆಗಿರುತ್ತೆ ಈಶ್ವರಮ್ಮಾರೇ. ಮಿಕ್ಕಿದ್ದು ಮನೇಲಿ. ಮನೆಗೆ ಬಂದ ಮೊದಲ ಕೆಲವು ತಿಂಗಳೇ ಮುಖ್ಯ. ಚೆನ್ನಾಗಿದೀನಿ ಅಂತ ಮಾತ್ರೆ ಬಿಡೋದು ಆಗಲೇ. ನೀವು ಬಿ.ಪಿ. ಮಾತ್ರೆ ತಗೋತೀರಾ?"

"ಹೂಂ, ದಿನಾ."

"ಬಿ.ಪಿ. ಸರಿಯಾಗಿದೆ ಅಂತ ಬಿಟ್ಟುಬಿಡ್ತೀರಾ? ಇದೂ ಹಾಗೇ. ಕೆಲವರಿಗೆ ಒಂದೆರಡು ವರ್ಷ, ಕೆಲವರಿಗೆ ಜಾಸ್ತಿ. ಕಮ್ಮಿ ಮಾಡೋದಿದ್ರೂ ಡಾಕ್ಟರೇ ನಿಧಾನವಾಗಿ ಮಾಡ್ತಾರೆ. ಸೊಪ್ಪಿನ ರಸ, ಕಷಾಯ ಏನೇ ಕೊಡೋದಿದ್ರೂ ಮೊದಲು ಅವರನ್ನ ಕೇಳಿ."

"ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚೋ ಹರಕೆ ಐತೆ ಮೇಡಂ" ಎಂದು ಅಂಜನಮ್ಮ ಅಳುಕುತ್ತಾ ಹೇಳಿದಳು.

"ಹಚ್ಚಿ. ದೀಪ ಹಚ್ಚಿ ಬಂದು ಮಾತ್ರೆ ಕೊಡಿ."

ಚಿಕ್ಕಬೈರಪ್ಪ ಮೂಲೆಯಿಂದ ಕೇಳಿದರು. "ಇವನು ಇನ್ನು ಕೆಲಸ ಮಾಡ್ತಾನಾ ಮೇಡಂ? ಇಲ್ಲ ಹಿಂಗೇ ಕೂತಿರ್ಬೇಕಾ?"

"ಕೂತ್ಕೊಳ್ಳಿ ಅಂತ ನಾವು ಹೇಳೇ ಇಲ್ಲ ಸಾರ್. ಕೆಲಸನೂ ಔಷಧಿನೇ. ಆದ್ರೆ ಒಂದೇ ಸಲ ಪೂರ್ತಿ ಡೋಸ್ ಬೇಡ. ರವಿಕುಮಾರ್ ಜೊತೆ ಹಗಲು ಕೇಂದ್ರಕ್ಕೆ ಕಳಿಸಿ. ಆಮೇಲೆ ಅಂಗಡಿ ನೋಡೋಣ."

ಮೇಡಂ ಹೋದ ಮೇಲೆ ಚಿಕ್ಕಬೈರಪ್ಪ ಎರಡನೇ ಮಹಡಿಗೆ ಇಳಿದು ಲತಾಮಣಿಯ ಬಾಗಿಲು ತಟ್ಟಿದರು. ಅವಳ ಮುಖ ಬಿಳುಚಿಕೊಂಡಿತು. ಖಾಲಿ ಮಾಡಿ ಎನ್ನಲು ಬಂದರೆಂದೇ ಅವಳ ಲೆಕ್ಕ. "ನೀವು ಬೇಡ ಅನ್ನೋವರೆಗೂ ಈ ಬಾಗಿಲಿಗೆ ಟು-ಲೆಟ್ ಬೋರ್ಡ್ ಬೀಳಾಕಿಲ್ಲ ತಾಯಿ" ಎಂದು ಹೇಳಿ ಬಂದರು. ಮಾತು ಕಡಿಮೆಯ ಮನುಷ್ಯ. ಅಷ್ಟು ಮೃದುವಾದ ಮಾತನ್ನು ಅವರ ಬಾಯಲ್ಲಿ ನಾನು ಮೊದಲ ಸಲ ಕೇಳಿದ್ದು.

ಎಲ್ಲ ಸಲೀಸಾಗಿ ಆಯಿತು ಎಂದರೆ ಸುಳ್ಳಾಗುತ್ತದೆ. ಮೊದಲ ದಿನ ಶಶಿ ಹಗಲು ಕೇಂದ್ರದಿಂದ ಮಧ್ಯಾಹ್ನಕ್ಕೇ ವಾಪಸ್ ಬಂದ. ಎರಡನೇ ದಿನ ಹೋಗಲೇ ಇಲ್ಲ. ಮೂರನೇ ದಿನ ಒಂಬತ್ತಕ್ಕೆ ರವಿಕುಮಾರ್ ಮೆಟ್ಟಿಲ ಹತ್ತಿರ ಸುಮ್ಮನೆ ನಿಂತ. ಕರೆಯಲೂ ಇಲ್ಲ, ಹೋಗಲೂ ಇಲ್ಲ. ಒಂಬತ್ತೂವರೆಗೆ ಶಶಿ ಇಳಿದು ಬಂದ. ಅವತ್ತಿನಿಂದ ಕೋಣನಕುಂಟೆ ಕ್ರಾಸ್ ಸ್ಟೇಷನ್ನಿಗೆ ದಿನಾ ಎರಡು ಟಿಫನ್ ಬ್ಯಾಗು ಹೋಗತೊಡಗಿದವು. ಕೇಂದ್ರದಲ್ಲಿ ಹರಟೆ, ಕೇರಂ, ಗುಂಪಿನ ಮಾತುಕತೆ, ತರಕಾರಿ ಹೆಚ್ಚುವುದು, ಬೇಕರಿ ಕೆಲಸ. ಮನೆಯವರಿಗೂ ತಿಂಗಳಿಗೊಂದು ಸಭೆ. ಮಗನಿಗೆ ಯಾವ ಮಾತು ಚುಚ್ಚುತ್ತದೆ ಎಂದು ಅಂಜನಮ್ಮ ಕಲಿತದ್ದು ಅಲ್ಲೇ. "ಅವರನ್ನ ನೋಡಿ ಕಲಿ" ಎನ್ನುವುದನ್ನು ಪೂರ್ತಿ ಬಿಟ್ಟಳು.

ಎರಡು ತಿಂಗಳ ಮೇಲೆ ಒಂದು ದಿನ ಬೇಕರಿಯ ಹಿಟ್ಟು ಕಲಸುವ ಮಷೀನ್ ನಿಂತುಹೋಯಿತು. ಒಂದು ಶಾಲೆಗೆ ಮುನ್ನೂರು ಬನ್ ಕೊಡಬೇಕಾದ ದಿನ. ಮೆಕ್ಯಾನಿಕ್ ನಾಳೆ ಬರುತ್ತೇನೆ ಎಂದ. ಎಲ್ಲರೂ ತಲೆ ಮೇಲೆ ಕೈ ಹೊತ್ತು ನಿಂತಿದ್ದಾಗ ಶಶಿ ಕೇಳಿದನಂತೆ, "ಒಂದು ಸ್ಕ್ರೂಡ್ರೈವರ್ ಸಿಗುತ್ತಾ?"

ಮಧ್ಯಾಹ್ನ ಅಂಜನಮ್ಮನ ಫೋನ್ ಬಡಿದುಕೊಂಡಿತು. ಆ ಕಡೆ ರವಿಕುಮಾರ್. ಯಾವತ್ತೂ ಧ್ವನಿ ಎತ್ತದವನು ಕೂಗುತ್ತಿದ್ದ: "ಆಂಟಿ, ಮಷೀನ್ ಓಡ್ತಾ ಇದೆ! ಕೇಳಿಸ್ಕೊಳ್ಳಿ!" ಅವಳು ಫೋನನ್ನು ನನ್ನ ಕಿವಿಗೂ ಹಿಡಿದಳು. ಗರಗರಗರ ಸದ್ದು, ಅದರ ಮೇಲೆ ಇಪ್ಪತ್ತು ಜನರ ಚಪ್ಪಾಳೆ. ನಾವಿಬ್ಬರೂ ಮುದುಕಿಯರು ಸೊಪ್ಪಿನ ಬುಟ್ಟಿ ನಡುವೆ ನಿಂತು ಅತ್ತೆವು. ಸಂಜೆ ನೋಡಿದರೆ ಚಿಕ್ಕಬೈರಪ್ಪ ಶಟರ್ ಮುಂದೆ ಕುಕ್ಕರುಗಾಲಲ್ಲಿ ಕೂತು ತುಕ್ಕಿಗೆ ಎಣ್ಣೆ ಬಿಡುತ್ತಿದ್ದರು.

ಶಟರ್ ಎತ್ತುವ ಮೊದಲು ಅಂಜನಮ್ಮ ಇನ್ನೊಂದು ಕೆಲಸ ಮಾಡಿದಳು. ನಮ್ಮ ಕೋಣನಕುಂಟೆ ಮಹಿಳಾ ಸಂಘದ ಶನಿವಾರದ ಸಭೆಯಲ್ಲಿ ಎದ್ದು ನಿಂತು, "ನನ್ನ ಮಗನಿಗೆ ಆಗಿದ್ದು ಜಾಂಡೀಸಲ್ಲ" ಎಂದು ಶುರುಮಾಡಿ ಎಲ್ಲ ಹೇಳಿದಳು. ಶಶಿಯೇ ಹೇಳಮ್ಮ ಎಂದಿದ್ದನಂತೆ. ಒಂದು ಬಾಡಿಗೆ ಸಂಸಾರ ಮನೆ ಖಾಲಿ ಮಾಡಿತು, ಅದು ನಿಜ. ಹತ್ತು ದಿನದಲ್ಲಿ ಬೇರೆಯವರು ಬಂದರು, ಅದೂ ನಿಜ. ಕಬ್ಬಿನ ಹಾಲಿನ ವೆಂಕಟಾಚಲ ಮಾತ್ರ "ಅಷ್ಟೊಂದು ಕಬ್ಬಿನ ಹಾಲು ದಂಡ ಆಯ್ತಲ್ರೀ!" ಎಂದು ನಕ್ಕು, ತಮ್ಮ ಕೆಟ್ಟ ಟೇಬಲ್ ಫ್ಯಾನ್ ಮೊದಲ ಸರದಿಗಿರಲಿ ಎಂದರು. ಸಭೆ ಮುಗಿದ ಮೇಲೆ ಮೂವರು ಹೆಂಗಸರು ಒಬ್ಬೊಬ್ಬರಾಗಿ ನನ್ನ ಸೊಪ್ಪಿನ ಹತ್ತಿರ ಬಂದು ಆ ಐದು ಅಂಕಿಯ ನಂಬರ್ ಬರೆದುಕೊಂಡು ಹೋದರು. ಯಾರೆಂದು ಹೇಳುವುದಿಲ್ಲ. ಸೊಪ್ಪನ್ನಂತೂ ಯಾರೂ ಕೊಳ್ಳಲಿಲ್ಲ.

ಕಳೆದ ಶ್ರಾವಣದ ಒಂದು ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಅಪ್ಪ, ಮಗ, ರವಿಕುಮಾರ್ ಮೂವರೂ ಸೇರಿ ಶಟರ್ ಎತ್ತಿದರು. ಆ ಸದ್ದಿಗೆ ಬೀದಿಯೇ ತಿರುಗಿ ನೋಡಿತು. "ಸದ್ಯಕ್ಕೆ ಹತ್ತರಿಂದ ಎರಡು" ಎಂದು ಶಶಿ ಬೋರ್ಡ್ ಬರೆದು ತೂಗುಹಾಕಿದ್ದ. ಎರಡು ಗಂಟೆ ತನಕ ಅವನಿಗೆ ತಲೆ ಎತ್ತಲು ಬಿಡುವಿರಲಿಲ್ಲ.

ಅದೇ ದಿನ ಅವನು ಮೂವರಿಗೆ ಒಂದೊಂದು ಚೀಟಿ ಕೊಟ್ಟ. ತಾಯಿಗೆ, ರವಿಕುಮಾರನಿಗೆ, ನನಗೆ. ಅವನದೇ ಅಕ್ಷರ. "ಎರಡು ದಿನ ನಿದ್ದೆ ಮಾಡದಿದ್ದರೆ ಕೇಳಿ. ಊಟ ಬಿಟ್ಟರೆ ಕೇಳಿ. ಮೀಟರ್ ಬೋರ್ಡಿಗೆ ಪೇಪರ್ ಅಂಟಿಸಿದರೆ ನಗಬೇಡಿ, ಶಾಂತಲಾ ಮೇಡಂಗೆ ಫೋನ್ ಮಾಡಿ." ಕೆಳಗೆ ಅವರ ನಂಬರ್.

"ನನಗ್ಯಾಕಪ್ಪ ಇದು? ನಾನು ಮಾಡಿದ್ದು ಗೊತ್ತಲ್ಲ ನಿಂಗೆ?" ಎಂದೆ.

"ಮೀಟರ್ ಪಕ್ಕ ಕೂರೋದು ನೀವೇ ತಾನೆ ಆಂಟಿ? ನೀವೇ ನನ್ನ ವಾಚ್‌ಮನ್."

ಆಮೇಲೆ ಒಳಗಿನಿಂದ ನನ್ನ ಮಿಕ್ಸಿ ತಂದ. ಸ್ವಿಚ್ ಹಾಕಿದ. ಗೊಣಗಾಟವೇ ಇಲ್ಲ! ಜಾರನ್ನು ನನ್ನ ಕೈಗೆ ಕೊಡುವಾಗ ಅವನ ಕೈ ನೋಡಿದೆ. ನಡುಗಲಿಲ್ಲ.

"ಒಂದು ಕಂಡೀಷನ್ ಆಂಟಿ" ಎಂದ. "ಇದ್ರಲ್ಲಿ ಚಟ್ನಿ ಮಾತ್ರ. ಔಷಧಿ ರುಬ್ಬಂಗಿಲ್ಲ."

ಇದನ್ನು ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯವರು ಯಾರಾದರೂ ಇಂಥ ಕಾಯಿಲೆಗೆ ಆಸ್ಪತ್ರೆಯಲ್ಲಿದ್ದು ವಾಪಸ್ ಬಂದಿದ್ದರೆ ಅವರ ಚೀಟಿಯನ್ನು ಇವತ್ತೇ ತಿರುಗಿಸಿ ನೋಡಿ. ಮುಂದಿನ ತಾರೀಖು ಯಾವುದು, ಯಾರಿಗೆ ಫೋನ್ ಮಾಡಬೇಕು, ತಿಳಿದುಕೊಳ್ಳಿ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಮಾತ್ರೆಯಿಂದ ತೊಂದರೆಯಾದರೆ ಅದನ್ನೂ ಅವರಿಗೇ ಹೇಳಿ. ಹತ್ತಿರದಲ್ಲಿ ಹಗಲು ಕೇಂದ್ರ ಇದೆಯೇ, ಮನೆಗೆ ಬಂದು ನೋಡುವವರಿದ್ದಾರೆಯೇ ಎಂದು ಆಸ್ಪತ್ರೆಯಲ್ಲಿ ಕೇಳಿ. ಏನೂ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಹೆದರಬೇಡಿ, ಜಾಂಡೀಸು ಎನ್ನಬೇಡಿ. ನೀವು ಯಾರಿಂದ ಮುಚ್ಚಿಡುತ್ತಿದ್ದೀರೋ ಅವರ ಮನೆಯಲ್ಲೂ ಇದೇ ಮಾತ್ರೆ ಡಬ್ಬಿ ಇರಬಹುದು.

ನಿಮ್ಮ ಬೀದಿಯಲ್ಲಿ ಮುಚ್ಚಿದ ಒಂದು ಶಟರ್ ಇದ್ದರೆ, ಅದನ್ನು ಎತ್ತಲು ನೀವೂ ಒಂದು ಕೈ ಹಾಕಿ. ಕೋಣನಕುಂಟೆಯಲ್ಲಿ ನಮ್ಮದು ಈಗ ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ತೆರೆದಿರುತ್ತದೆ.